ಊರು ಕಣಿವೆಯಲ್ಲಿ, ಚರ್ಚು ಗುಡ್ಡದ ಮೇಲೆ: ವೇಲ್ಸ್‌ನ ಗಣಿ ಊರುಗಳಲ್ಲಿ ಹೀಗೇಕೆ?

ಓದುಗರ ಪ್ರಶ್ನೆ: ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಊರೆಲ್ಲ ಕೆಳಗೆ ಹೊಳೆಯ ದಂಡೆಯಲ್ಲಿದೆ. ಹಳೆಯ ಪ್ಯಾರಿಷ್ ಚರ್ಚು (ಸುತ್ತಲಿನ ಇಡೀ ಪ್ರದೇಶಕ್ಕೆ ಸೇರಿದ ಚರ್ಚು) ಮಾತ್ರ ಮೈಲಿಗಟ್ಟಲೆ ದೂರ, ಕುರಿ ಮೇಯುವ ಗುಡ್ಡದ ಮೇಲೆ ಒಂಟಿಯಾಗಿ ನಿಂತಿದೆ. ಊರೊಳಗೂ ಒಂದು ದೊಡ್ಡ ಚರ್ಚಿರುತ್ತದೆ, ಆದರೆ ಅದರ ವಯಸ್ಸು ನೂರೈವತ್ತು ವರ್ಷದ ಆಸುಪಾಸು. ಇದಕ್ಕೆ ಕಾರಣವೇನು? ಗಣಿ ಕುಟುಂಬವೊಂದರ ಹಿರಿಯರ ದಾಖಲೆ ಬೇಕಿದ್ದರೆ ಯಾವ ಚರ್ಚಿನ ಪುಸ್ತಕ ತೆಗೆಸಬೇಕು?

ಉತ್ತರ: ಚರ್ಚು ಊರಿನಿಂದ ದೂರ ಹೋದದ್ದಲ್ಲ. ಅದು ಕಟ್ಟಿದಾಗ ಕೆಳಗೆ ಊರೇ ಇರಲಿಲ್ಲ. ಕಲ್ಲಿದ್ದಲು ಸಿಗುವ ಮೊದಲು ಈ ಕಣಿವೆಗಳ ತಳದಲ್ಲಿ ಜೌಗು ಮತ್ತು ಕಾಡು ಇದ್ದವು. ಹೊಲಮನೆಗಳು ಇಳಿಜಾರಿನಲ್ಲಿ ಚದುರಿದ್ದವು, ದಾರಿಗಳು ಬೆಟ್ಟದ ಏಣಿನ ಮೇಲೆ ಹಾಯುತ್ತಿದ್ದವು. ಎರಡು ಮೂರು ಕಣಿವೆಗಳ ರೈತರಿಗೂ ಹತ್ತಿರವಾಗುವ ಜಾಗ ಎಂದರೆ ಆ ಏಣೇ. ಆದ್ದರಿಂದ ಮಧ್ಯಯುಗದ ಪ್ಯಾರಿಷ್ ಚರ್ಚು ಅಲ್ಲಿ ನಿಂತಿತು.

ಎಗ್ಲೂಯ್ಸಿಲಾನ್ ಇದಕ್ಕೆ ಚೆನ್ನಾದ ಉದಾಹರಣೆ. ಕೇರ್‌ಫಿಲಿ ಮತ್ತು ಪಾಂಟಪ್ರೀದ್ ನಡುವಿನ ಬೆಟ್ಟದ ಮೇಲೆ, ಅಬರ್‌ಟ್ರಿಡೂರ್ ಊರಿನ ತಲೆಯ ಮೇಲೆ, ಸಂತ ಇಲಾನನ ಹೆಸರಿನ ಚರ್ಚಿದೆ. ಅದರ ಅಂಗಳದಲ್ಲಿ 1904ರಲ್ಲಿ ಯೋಧನ ಆಕೃತಿ ಕೆತ್ತಿದ ಕಲ್ಲೊಂದು ಸಿಕ್ಕಿತು. ನಾರ್ಮನ್ನರು ಬರುವುದಕ್ಕೂ ಹಿಂದಿನ ಕಲ್ಲದು, ಅಂದರೆ ಜಾಗಕ್ಕೆ ಸಾವಿರ ವರ್ಷ ಮೀರಿದ ಇತಿಹಾಸವಿದೆ. ಕೆಳಗಿನ ಸೆಂಗೆನಿದ್ ಊರು ಹುಟ್ಟಿದ್ದು 1891ರಲ್ಲಿ ಯೂನಿವರ್ಸಲ್ ಗಣಿಯ ಬಾವಿ ತೋಡಲು ಶುರುವಾದ ಮೇಲೆ. ಲಾನ್‌ವಿನ್ನೊ ಚರ್ಚಿನ ಕಥೆಯೂ ಇದೇ: ಇವತ್ತಿಗೂ ಅದರ ಪಕ್ಕ ಇರುವುದು ಒಂದು ಹೋಟೆಲು ಮತ್ತು ಅರಣ್ಯ. ಆದರೆ ಒಂದು ಕಾಲಕ್ಕೆ ಅನಿಸಬೂಲ್, ಮೌಂಟನ್ ಆಶ್ ಕಡೆಯವರಿಗೆಲ್ಲ ಅದೇ ಪ್ಯಾರಿಷ್ ಚರ್ಚು. ಓಟಗಾರ ಗುಟೊ ನಿತ್ ಬ್ರಾನ್ (1700–1737) ಸಮಾಧಿ ಅಲ್ಲಿದೆ ಎಂದು ಈಗಲೂ ಜನ ಹತ್ತಿ ಬರುತ್ತಾರೆ.

ಹಾಗಾದರೆ ಗಣಿ ತೆರೆದ ಕೂಡಲೇ ಕೆಳಗೊಂದು ಚರ್ಚು ಕಟ್ಟಬಹುದಿತ್ತಲ್ಲ? ನಿಜವಾದ ತೊಡಕು ಇಲ್ಲಿದೆ, ಅದು ಭಕ್ತಿಗಿಂತ ಹೆಚ್ಚಾಗಿ ಕಾನೂನಿನದು. ಪ್ಯಾರಿಷ್ ಅಂದರೆ ಆರಾಧನೆಯ ಕಟ್ಟಡ ಮಾತ್ರವಲ್ಲ, ಗಡಿ ಗುರುತಿಸಿದ ಒಂದು ಆಡಳಿತ ಘಟಕ. ಆ ಗಡಿಯೊಳಗಿನ ದಶಮಾಂಶ (ಬೆಳೆಯ ಹತ್ತನೇ ಒಂದು ಪಾಲಿನ ಕಂದಾಯ), ಮದುವೆ ಮತ್ತು ಸಮಾಧಿಯ ಶುಲ್ಕ, ಪಾದ್ರಿಯನ್ನು ನೇಮಿಸುವ ಹಕ್ಕು ಎಲ್ಲವೂ ಯಾರದೋ ಸ್ವತ್ತು. ಪ್ಯಾರಿಷನ್ನು ಒಡೆದರೆ ಆ ಸ್ವತ್ತನ್ನೂ ಒಡೆದಂತೆ. ಬಹುಕಾಲ ಅದಕ್ಕೆ ಒಂದೊಂದು ಸಲವೂ ಪ್ರತ್ಯೇಕ ಶಾಸನವೇ ಬೇಕಾಗುತ್ತಿತ್ತು. 1843ರ ಹೊಸ ಪ್ಯಾರಿಷ್ ಕಾಯ್ದೆ ಬಂದ ಮೇಲೆ ದಾರಿ ಸಲೀಸಾಯಿತು: ಕನಿಷ್ಠ 2,000 ಜನರಿರುವ, ಬಿಷಪ್ ಪ್ರತಿಷ್ಠೆ ಮಾಡಿದ ಚರ್ಚಿಲ್ಲದ ಪ್ರದೇಶವನ್ನು ಕಟ್ಟಡ ಏಳುವ ಮೊದಲೇ ಪ್ರತ್ಯೇಕ ಚರ್ಚು ಜಿಲ್ಲೆ ಎಂದು ಘೋಷಿಸಬಹುದು. ಅದರ ಪಾದ್ರಿಗೆ ವರ್ಷಕ್ಕೆ 100 ಪೌಂಡಿಗೆ ಕಡಿಮೆಯಿಲ್ಲದ ಸಂಬಳ, ಚರ್ಚಿಗೆ ಬಿಷಪ್ ಪ್ರತಿಷ್ಠೆ ಮಾಡಿ ಅದು ಪೂರ್ಣ ಪ್ಯಾರಿಷ್ ಆದ ಮೇಲೆ 150 ಪೌಂಡು. ಇಷ್ಟಾದರೂ ಜಾಗ, ಕಟ್ಟಡದ ಹಣ, ಬಿಷಪರ ಒಪ್ಪಿಗೆ ಕೂಡಿಬರುವಷ್ಟರಲ್ಲಿ ವರ್ಷಗಳು ಹೋಗುತ್ತಿದ್ದವು.

ಚಾಪೆಲಿನವರಿಗೆ, ಅಂದರೆ ಸರ್ಕಾರಿ ಸ್ಥಾನವಿದ್ದ ಆಂಗ್ಲಿಕನ್ ಚರ್ಚಿನಿಂದ ಹೊರಗುಳಿದು ತಮ್ಮದೇ ಪ್ರಾರ್ಥನಾ ಮಂದಿರಗಳಲ್ಲಿ (ಚಾಪೆಲ್) ಸೇರುತ್ತಿದ್ದ ಪ್ರಾಟೆಸ್ಟಂಟರಿಗೆ, ಈ ಯಾವ ತಾಪತ್ರಯವೂ ಇರಲಿಲ್ಲ. ಬ್ಯಾಪ್ಟಿಸ್ಟ್, ಇಂಡಿಪೆಂಡೆಂಟ್, ಮೆಥಡಿಸ್ಟ್ ಸಭೆಯೊಂದು ಯಾರದೋ ಅಡುಗೆಮನೆಯಲ್ಲೋ ಹೋಟೆಲಿನ ಮಹಡಿಯಲ್ಲೋ ಸೇರಿ ವೆಲ್ಶ್ ಭಾಷೆಯಲ್ಲಿ ಪ್ರಾರ್ಥನೆ ಶುರು ಮಾಡಬಹುದಿತ್ತು. ಬೋಧಕ ಹಲವು ಸಲ ಕಾರ್ಮಿಕರ ನಡುವಿನಿಂದಲೇ ಬರುತ್ತಿದ್ದ. ಸಾಲ ಎತ್ತಿ ಕಟ್ಟಡ ಕಟ್ಟಿ, ವಾರವಾರ ಪೆನ್ನಿ ಕೂಡಿಸಿ ತೀರಿಸುತ್ತಿದ್ದರು. 1851ರ ಮಾರ್ಚ್ 30ರಂದು ನಡೆದ ಧಾರ್ಮಿಕ ಗಣತಿಯ ಹೊತ್ತಿಗೆ ವೇಲ್ಸ್‌ನಲ್ಲಿ ಆ ಭಾನುವಾರ ಆರಾಧನೆಗೆ ಹೋದವರಲ್ಲಿ ಸುಮಾರು ನೂರಕ್ಕೆ 80 ಮಂದಿ ಚಾಪೆಲಿನವರು. ಚರ್ಚಿನ ಆಡಳಿತದ ಭಾಷೆಯೂ ಜನರದ್ದಾಗಿರಲಿಲ್ಲ. ಹದಿನೆಂಟನೇ ಶತಮಾನದ ಆರಂಭದಿಂದ 1870ರಲ್ಲಿ ಜೋಶುವಾ ಹ್ಯೂಸ್ ಸೇಂಟ್ ಆಸಫ್‌ನ ಬಿಷಪ್ ಆಗುವವರೆಗೂ ವೆಲ್ಶ್ ತಾಯ್ನುಡಿಯ ಬಿಷಪ್ ಒಬ್ಬರೂ ನೇಮಕವಾಗಲಿಲ್ಲ.

ಈ ಬಿರುಕು ಎಷ್ಟು ಆಳವಿತ್ತು ಎಂಬುದಕ್ಕೆ ಅಬರ್‌ಡೇರ್ ನೋಡಬೇಕು. ಆ ಪ್ಯಾರಿಷ್‌ನ ಜನಸಂಖ್ಯೆ 1841ರಲ್ಲಿ 6,471, ಹತ್ತೇ ವರ್ಷದಲ್ಲಿ 14,999. ಇದ್ದದ್ದು ಮಧ್ಯಯುಗದ ಪುಟ್ಟ ಸೇಂಟ್ ಜಾನ್ ಚರ್ಚು. 1846ರಲ್ಲಿ ಜಾನ್ ಗ್ರಿಫಿತ್ ಪಾದ್ರಿಯಾಗಿ ಬಂದರು. ಮರುವರ್ಷ ವೇಲ್ಸ್‌ನ ಶಾಲೆಗಳ ಬಗ್ಗೆ ಸರ್ಕಾರಿ ವರದಿ ಹೊರಬಂತು. ಅದನ್ನು ತಯಾರಿಸಿದ ಮೂವರು ಆಯುಕ್ತರೂ ವೆಲ್ಶ್ ಬಾರದ ಇಂಗ್ಲಿಷರು. ಅದರಲ್ಲಿ ಗ್ರಿಫಿತ್ ಕೊಟ್ಟ ಹೇಳಿಕೆ ಕಣಿವೆಯ ಹೆಂಗಸರ ನಡತೆಯನ್ನು ಹಳಿದಿತ್ತು. ಊರು ಕೆಂಡವಾಯಿತು. 1848ರಲ್ಲಿ ಸಿಲೋಆ ಚಾಪೆಲಿನಲ್ಲಿ ಜನ ಕಿಕ್ಕಿರಿದು ಸೇರಿ ಪ್ರತಿಭಟಿಸಿದರು. ಬ್ಯಾಪ್ಟಿಸ್ಟ್ ಬೋಧಕ ಥಾಮಸ್ ಪ್ರೈಸ್ ಜನನಾಯಕರಾಗಿ ಬೆಳೆದದ್ದು ಈ ಗಲಾಟೆಯಲ್ಲೇ. ಪಾದ್ರಿಯ ಒಂದು ಹೇಳಿಕೆ ಒಂದು ತಲೆಮಾರಿನ ಜನರನ್ನು ಚರ್ಚಿನ ಬಾಗಿಲಿಂದ ದೂರ ಇಟ್ಟಿತು ಎಂದರೆ ಹೆಚ್ಚಲ್ಲ. ಆದರೆ ಅದೇ ಗ್ರಿಫಿತ್ ಕಾಲದಲ್ಲೇ, 1852ರಲ್ಲಿ, ಭೂಮಾಲೀಕರಾದ ಬ್ಯೂಟ್ ಮಾರ್ಕ್ವಿಸ್ ಮನೆತನದ ನೆರವಿನಿಂದ ಊರ ನಡುವೆ ಸೇಂಟ್ ಎಲ್ವನ್ ಚರ್ಚು ಎದ್ದಿತು. ಮುಂದೆ ಅವರು ಮರ್ಥರ್‌ನ ರೆಕ್ಟರ್ (ಪ್ಯಾರಿಷ್ ಪಾದ್ರಿ) ಆಗಿ, ಕೊನೆಗಾಲದಲ್ಲಿ ಚರ್ಚಿಗೆ ಸರ್ಕಾರದ ಅಧಿಕೃತ ಸ್ಥಾನ ಬೇಡ ಎನ್ನುವವರ ಸಾಲಿಗೇ ಸೇರಿದರು. ಒಬ್ಬ ಮನುಷ್ಯನನ್ನು ಒಂದೇ ವರದಿಯಿಂದ ಅಳೆಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ರೊಂದಾ ಕಣಿವೆಯ ಅಂಕಿ ಇನ್ನೂ ದಂಗುಬಡಿಸುವಂಥದ್ದು. 1851ರಲ್ಲಿ ಅಲ್ಲಿನ ಅಸ್ತ್ರಾದವೊದುಗ್ ಪ್ಯಾರಿಷ್‌ನಲ್ಲಿದ್ದವರು 951 ಮಂದಿ. 1911ಕ್ಕೆ ರೊಂದಾದಲ್ಲಿ 1,52,781 ಜನ.

ಇಂಥ ಕಡೆ ಹೊಸ ಚರ್ಚು ಒಮ್ಮೆಗೇ ಏಳುತ್ತಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬಂತು. ಮೊದಲು ಸಂಘವೊಂದರ ಹಣದಿಂದ ಒಬ್ಬ ಸಹಾಯಕ ಪಾದ್ರಿ ಬರುತ್ತಿದ್ದ, ಆರಾಧನೆ ಶಾಲೆಯ ಕೋಣೆಯಲ್ಲಿ ನಡೆಯುತ್ತಿತ್ತು. ಲಾಂಡಾಫ್‌ನ ಬಿಷಪ್ ಆಲ್ಫ್ರೆಡ್ ಒಲಿವಂಟ್ 1850ರಲ್ಲಿ ಚರ್ಚು ವಿಸ್ತರಣಾ ಸಂಘವೊಂದನ್ನು ಶುರು ಮಾಡಿದ್ದು ಇದಕ್ಕೆಂದೇ. ಆಮೇಲೆ ಅನೇಕ ಕಡೆ ತಗಡಿನ ಚರ್ಚು: ಮರದ ಚೌಕಟ್ಟು, ಸುಕ್ಕುತಗಡಿನ ಗೋಡೆ ಮತ್ತು ಸೂರು, ಒಳಗೆ ಹಲಗೆ. ಕ್ಯಾಟಲಾಗ್ ನೋಡಿ ಆರ್ಡರ್ ಮಾಡಿದರೆ ಬಿಡಿಭಾಗಗಳು ರೈಲಿನಲ್ಲಿ ಬಂದಿಳಿಯುತ್ತಿದ್ದವು. ಮಳೆ ಜೋರಾದರೆ ಪಾದ್ರಿಯ ಪ್ರವಚನ ಕೇಳಿಸದು. ಚಳಿಗಾಲದಲ್ಲಿ ಜನರ ಉಸಿರಿನ ಆವಿ ತಗಡಿನ ಒಳಮೈಗೆ ತಾಗಿ ನೀರಾಗಿ ಹಲಗೆಯೊಳಗೆ ಇಳಿಯುತ್ತದೆ, ತಗಡು ಬುಡದಿಂದ ತುಕ್ಕು ಹಿಡಿಯುತ್ತದೆ. ಕೊನೆಗೆ ಬರುವುದು ಕಲ್ಲಿನ ಕಟ್ಟಡ, ಸಾಮಾನ್ಯವಾಗಿ ಭೂಮಾಲೀಕರೋ ಗಣಿ ಧಣಿಗಳೋ ಕೊಟ್ಟ ಹಣದಲ್ಲಿ. ಪೆಂಟ್ರೆಯ ಸೇಂಟ್ ಪೀಟರ್ ಚರ್ಚು (1890) ಹಾಗೆ ಬಾಗ್ಲನ್‌ನ ಲೆವೆಲಿನ್ ಮನೆತನದ ಹಣದಿಂದ ಎದ್ದದ್ದು. ಗಾತ್ರ ನೋಡಿ ಜನ ಅದನ್ನು ರೊಂದಾದ ಕೆಥೆಡ್ರಲ್ ಎಂದೇ ಕರೆಯುತ್ತಾರೆ.

ಕಟ್ಟಡವನ್ನು ಹತ್ತಿರದಿಂದ ನೋಡುವವರಿಗೆ ಒಂದು ಮಾತು. ಗೋಡೆ ಹೆಚ್ಚಾಗಿ ಪೆನಂಟ್ ಮರಳುಗಲ್ಲು. ನೀಲಿ ಛಾಯೆಯ ಬೂದು ಬಣ್ಣ, ಗಾಳಿಗೆ ಕಂದುತ್ತದೆ. ತುಂಬ ಗಟ್ಟಿ, ನೀರು ಹೀರುವುದು ಕಡಿಮೆ. ನುಣುಪು ಕೆತ್ತನೆಗೆ ಅದು ಒಗ್ಗದ ಕಾರಣ ಕಿಟಕಿ ಬಾಗಿಲಿನ ಅಂಚಿಗೆ ಬಾತ್ ಊರಿನ ಮೆದು ಸುಣ್ಣಗಲ್ಲು ಬಳಸುತ್ತಿದ್ದರು. ಗಣಿ ಊರಿನ ಹೊಗೆಗೆ ಮೊದಲು ಕರಗಿದ್ದು ಈ ಅಂಚುಗಳೇ. ಪೆನಂಟ್ ಗೋಡೆಯಲ್ಲಿ ಒಳಬಂದ ನೀರು ಹೊರಹೋಗಬೇಕಾದದ್ದು ಸಂದುಗಳ ಸುಣ್ಣದ ಗಾರೆಯ ಮೂಲಕ. ನಂತರದವರು ಆ ಸಂದುಗಳಿಗೆ ಸಿಮೆಂಟು ಮೆತ್ತಿದರು. ಸಿಮೆಂಟಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟು ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಇಂಥ ಚರ್ಚುಗಳ ಒಳಗೋಡೆಯ ತೇವಕ್ಕೆ ಸೂರನ್ನು ದೂರುವ ಮೊದಲು ಸಂದು ನೋಡಬೇಕು.

ದೊಡ್ಡ ಶತ್ರು ಕೆಳಗಿತ್ತು. ಜಾಗ ದಾನ ಕೊಡುವ ಭೂಮಾಲೀಕ ಕೊಡುತ್ತಿದ್ದುದು ಸಾಮಾನ್ಯವಾಗಿ ಮೇಲ್ಮೈ ಮಾತ್ರ. ಅಡಿಯ ಕಲ್ಲಿದ್ದಲಿನ ಹಕ್ಕು ಅವನಲ್ಲೇ ಉಳಿಯುತ್ತಿತ್ತು. ಚರ್ಚನ್ನು ಉಳಿಸಲು ಅದರ ಅಡಿ ಕಲ್ಲಿದ್ದಲನ್ನು ಕಂಬವಾಗಿ ಬಿಡಬೇಕು. ಆದರೆ ಕಟ್ಟಡದ ನೇರ ಕೆಳಗಷ್ಟೇ ಬಿಟ್ಟರೆ ಸಾಲದು, ಯಾಕೆಂದರೆ ಕುಸಿತದ ಪರಿಣಾಮ ಓರೆಯಾಗಿ ಮೇಲೇರುತ್ತದೆ. ಬ್ರಿಟನ್‌ನ ಗಣಿಗಳಲ್ಲಿ ಅದಕ್ಕೆ ಲಂಬದಿಂದ ಸುಮಾರು 35 ಡಿಗ್ರಿ ಹಿಡಿಯುತ್ತಿದ್ದರು. ಅಂದರೆ 300 ಮೀಟರ್ ಆಳದ ಪದರಕ್ಕೆ ಕಟ್ಟಡದ ಸುತ್ತ 210 ಮೀಟರ್ ತನಕ ಕಲ್ಲಿದ್ದಲು ಬಿಡಬೇಕು. ಅಷ್ಟು ಬಿಡಲು ಯಾವ ಧಣಿಗೂ ಮನಸ್ಸಿಲ್ಲ. ಹಾಗಾಗಿ ನೆಲ ತಗ್ಗಿತು. ಭಾರವಾದ ಗೋಪುರ ಒಂದು ಲೆಕ್ಕದಲ್ಲಿ, ಉದ್ದನೆಯ ಸಭಾಂಗಣ ಇನ್ನೊಂದು ಲೆಕ್ಕದಲ್ಲಿ ಇಳಿದು, ಎರಡೂ ಸೇರುವ ಮೂಲೆಯಲ್ಲಿ ಬಾಯಿ ಬಿಟ್ಟಿತು. ಕಿಟಕಿಯ ಕಮಾನಿನ ನೆತ್ತಿಯಿಂದ ಸಂದು ಹಿಡಿದು ಮೆಟ್ಟಿಲಿನಂತೆ ಏರುವ ಬಿರುಕು ಇದರ ಗುರುತು. ಕೆಳಗೆ ಕಲ್ಲಿದ್ದಲು ತೆಗೆಯುವುದು ಇನ್ನೂ ನಡೆದಿರುವಾಗಲೇ ಬಿರುಕನ್ನು ಹೊಲಿದುಬಿಟ್ಟರೆ ಪಕ್ಕದಲ್ಲಿ ಹೊಸದು ತೆರೆಯುತ್ತದೆ. ಎರಡೂ ಬದಿಗೆ ಮೊಳೆ ಬಡಿದು, ಅಂತರ ಅಳೆದು, ಚಲನೆ ನಿಂತ ಮೇಲೆಯೇ ಕೈ ಹಚ್ಚಬೇಕು.

ಇನ್ನು ದಾಖಲೆಯ ಮಾತು. ಇಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಕುಟುಂಬ ಚಾಪೆಲಿನದು, ಹಾಗಾಗಿ ಚರ್ಚಿನಲ್ಲಿ ಏನೂ ಸಿಗದು ಎಂದುಕೊಳ್ಳುತ್ತಾರೆ. 1754ರ ಮಾರ್ಚ್ 25ರಿಂದ 1837ರ ಜುಲೈ 1ರವರೆಗೆ ಕ್ವೇಕರ್ ಪಂಥದವರು ಮತ್ತು ಯಹೂದಿಗಳನ್ನು ಬಿಟ್ಟು ಎಲ್ಲರೂ ಮದುವೆಯಾಗಬೇಕಾದದ್ದು ಪ್ಯಾರಿಷ್ ಚರ್ಚಿನಲ್ಲೇ. ಚಾಪೆಲಿನ ಕಟ್ಟಾಳಿನ ಮದುವೆಯೂ ಗುಡ್ಡದ ಮೇಲಿನ ಪುಸ್ತಕದಲ್ಲಿದೆ. ಸಮಾಧಿಯೂ ಹಾಗೆಯೇ: ಊರಿಗೆ ಬೇರೆ ಸ್ಮಶಾನ ಬರುವ ತನಕ ಹೆಚ್ಚಿನವರಿಗೆ ಚರ್ಚಿನ ಅಂಗಳವೇ ಗತಿ, ಅದೂ 1880ರ ಕಾಯ್ದೆ ಬರುವವರೆಗೆ ಆಂಗ್ಲಿಕನ್ ವಿಧಿಯಲ್ಲೇ. ಪಾಂಟಪ್ರೀದ್‌ನ ಪ್ರಸಿದ್ಧ ಒಂಟಿ ಕಮಾನಿನ ಸೇತುವೆ ಕಟ್ಟಿದ ವಿಲಿಯಂ ಎಡ್ವರ್ಡ್ಸ್ (1719–1789) ಗ್ರೋಸ್‌ವೆನ್ ಚಾಪೆಲಿನ ಬೋಧಕರು, ಮಲಗಿರುವುದು ಎಗ್ಲೂಯ್ಸಿಲಾನ್ ಚರ್ಚಿನ ಅಂಗಳದಲ್ಲಿ. 1913ರ ಅಕ್ಟೋಬರ್ 14ರಂದು ಸೆಂಗೆನಿದ್‌ನ ಸ್ಫೋಟ 439 ಗಣಿ ಕಾರ್ಮಿಕರನ್ನೂ ಒಬ್ಬ ರಕ್ಷಣಾ ಕಾರ್ಯಕರ್ತನನ್ನೂ ಬಲಿ ತೆಗೆದುಕೊಂಡಿತು. ಆಗಲೂ ಕೆಲವರನ್ನು ಆ ಗುಡ್ಡಕ್ಕೇ ಹೊತ್ತೊಯ್ದರು, ಬಹಳ ಮಂದಿಯನ್ನು ಪೆನರ್ಹಿಯೋಲ್ ಸ್ಮಶಾನಕ್ಕೆ.

ಚರ್ಚಿನಲ್ಲಿ ಸಿಗದೇ ಇರಬಹುದಾದದ್ದು ಮಗುವಿನ ದೀಕ್ಷಾಸ್ನಾನ. 1837ಕ್ಕೆ ಹಿಂದಿನ ಅನೇಕ ಚಾಪೆಲ್ ಪುಸ್ತಕಗಳನ್ನು ಸರ್ಕಾರಕ್ಕೆ ಒಪ್ಪಿಸಿದ್ದರಿಂದ ಅವು ಲಂಡನ್‌ನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಬ್ಯಾಪ್ಟಿಸ್ಟರಾದರೆ ಶಿಶುವಿಗೆ ದೀಕ್ಷೆಯೇ ಇಲ್ಲ, ಹುಡುಕುವುದು ವ್ಯರ್ಥ.

1813ರಿಂದ ದೀಕ್ಷೆ ಮತ್ತು ಸಮಾಧಿಯ ಪುಸ್ತಕ ಅಚ್ಚಿನ ನಮೂನೆಯಲ್ಲಿದೆ, ಪುಟಕ್ಕೆ ಎಂಟು ನಮೂದು. ದೀಕ್ಷೆಯ ಪುಟದಲ್ಲಿ ತಂದೆಯ ಕಸುಬೂ ವಾಸದ ಜಾಗವೂ ಇರುತ್ತವೆ. ಈ ಎರಡು ಕಲಮುಗಳೇ ಕೈಹಿಡಿಯುವುದು, ಯಾಕೆಂದರೆ ಒಂದೇ ಬೀದಿಯಲ್ಲಿ ನಾಲ್ಕು ಮಂದಿ ಡೇವಿಡ್ ಡೇವೀಸ್ ಇರುವ ನಾಡಿದು. ಮೊದಲು ಜನಗಣತಿಯಿಂದ ಮನೆಯ ವಿಳಾಸ ಹಿಡಿಯಿರಿ. ಆ ಬೀದಿ ಆ ವರ್ಷ ಯಾವ ಪ್ಯಾರಿಷ್‌ಗೆ ಸೇರಿತ್ತೆಂದು ನೋಡಿ, ಹೊಸ ಪ್ಯಾರಿಷ್ ಆದ ಇಸವಿಗೆ ಹಿಂದಿನದಾದರೆ ತಾಯಿ ಚರ್ಚಿನ ಪುಸ್ತಕ ತೆಗೆಸಿ. ಗಡಿ ಬದಲಾದ ಆಚೀಚಿನ ವರ್ಷಗಳಲ್ಲಿ ಎರಡನ್ನೂ ನೋಡುವುದು ಒಳ್ಳೆಯದು, ಹೊಸ ಚರ್ಚು ತೆರೆದ ಮೇಲೂ ಹಳೆಯ ಮನೆತನಗಳು ಮದುವೆಗೆ ಗುಡ್ಡ ಹತ್ತುತ್ತಿದ್ದವು. 1920ರ ಮಾರ್ಚ್ 31ರಂದು ವೇಲ್ಸ್‌ನ ಚರ್ಚು ಸರ್ಕಾರಿ ಸ್ಥಾನ ಕಳೆದುಕೊಂಡರೂ ಪುಸ್ತಕಗಳ ಸಾಲು ಅಲ್ಲಿಗೆ ತುಂಡಾಗಲಿಲ್ಲ. ಈ ಕಣಿವೆಗಳ ಬಹುಪಾಲು ಪುಸ್ತಕ ಕಾರ್ಡಿಫ್‌ನ ಗ್ಲಮೋರ್ಗನ್ ದಾಖಲೆ ಭಂಡಾರದಲ್ಲಿದೆ. ಮೂಲ ಪುಟ ಹಾಳಾಗಿದ್ದರೆ, ಪಾದ್ರಿಗಳು ಬಿಷಪರ ಕಚೇರಿಗೆ ವರ್ಷವರ್ಷ ಕಳಿಸುತ್ತಿದ್ದ ನಕಲು ಪ್ರತಿಗಳನ್ನು ಅಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೇಳಿ.