ಸುಮ್ನೆ ನಿಂತ ಕಬ್ಬಿಣ ಸುಮ್ನಿರಲ್ಲ

ಬಳಸಿದರೆ ಸವೆಯುತ್ತದೆ, ಎತ್ತಿಟ್ಟರೆ ಉಳಿಯುತ್ತದೆ. ಕಬ್ಬಿಣದ ಬಗ್ಗೆ ಬಹಳ ಜನರ ನಂಬಿಕೆ ಇದು. ನನಗೆ ಇದನ್ನು ಕೇಳಿದರೆ ತಾಳ್ಮೆ ಹೋಗುತ್ತದೆ. ದಿನಾ ಉಳುವ ನೇಗಿಲಿನ ಗುಳ ಮಿರಮಿರ ಹೊಳೆಯುತ್ತದೆ. ಅಟ್ಟ ಸೇರಿದ ಗುಳ ಎರಡು ಮಳೆಗಾಲಕ್ಕೆ ಕೆಂಪಾಗುತ್ತದೆ. ಹಾಗಿದ್ದರೆ ಸಾವಿರ ಟನ್ನಿಗೂ ಮೀರಿದ ಹಡಗುಗಳನ್ನು ವರ್ಷಗಟ್ಟಲೆ ಉಪ್ಪುನೀರಿನಲ್ಲೇ ಕಟ್ಟಿಹಾಕಿದರೆ?

ಅಮೆರಿಕದ ನೌಕಾಪಡೆ ಅದನ್ನೇ ಮಾಡಬೇಕಾಯಿತು. ಮೊದಲ ಮಹಾಯುದ್ಧಕ್ಕೆಂದು ಅದು 273 ಡಿಸ್ಟ್ರಾಯರ್ ಹಡಗುಗಳನ್ನು, ಅಂದರೆ ವೇಗದ ಪುಟ್ಟ ಯುದ್ಧನೌಕೆಗಳನ್ನು, ಕಟ್ಟಿಸಿತು. ಹೆಚ್ಚಿನವಕ್ಕೆ ನಾಲ್ಕು ಹೊಗೆಕೊಳವೆ. ಬಹುಪಾಲು ಸಿದ್ಧವಾಗುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1922ರ ಹೊತ್ತಿಗೆ ಸ್ಯಾನ್ ಡಿಯಾಗೋ ಮತ್ತು ಫಿಲಡೆಲ್ಫಿಯಾದಲ್ಲಿ ಅವುಗಳಲ್ಲಿ ಬಹಳಷ್ಟು ಒಂದಕ್ಕೊಂದು ಒತ್ತಿಕೊಂಡು ನಿಂತವು. ಸ್ಯಾನ್ ಡಿಯಾಗೋದ ಸಾಲಿಗೆ ನಾವಿಕರು ಇಟ್ಟ ಹೆಸರು 'ರೆಡ್ ಲೆಡ್ ರೋ', ಅಂದರೆ ಕೆಂಪು ಸೀಸದ ಸಾಲು. ತುಕ್ಕು ತಡೆಯಲು ಬಳಿಯುತ್ತಿದ್ದ ಸೀಸದ ಬಣ್ಣ ಅದು. ನಾವು ಕಿಟಕಿ ಸರಳಿಗೆ ಮೊದಲು ರೆಡ್ ಆಕ್ಸೈಡ್ ಬಳಿಯುವುದಿಲ್ವಾ, ಅದೇ ಉದ್ದೇಶ.

ಉಪ್ಪುನೀರು ಕಬ್ಬಿಣವನ್ನು 'ತಿನ್ನುತ್ತದೆ' ಅನ್ನುವುದೂ ಅರ್ಧ ಮಾತೇ. ಅಲ್ಲಿ ನಡೆಯುವುದು ಬ್ಯಾಟರಿಯ ಕೆಲಸ. ಒಂದೇ ತಗಡಿನ ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನು ಬಿಟ್ಟುಕೊಟ್ಟು ಕರಗುತ್ತದೆ. ಪಕ್ಕದ ಜಾಗದಲ್ಲಿ ನೀರಿನೊಳಗಿನ ಆಮ್ಲಜನಕ ಆ ಎಲೆಕ್ಟ್ರಾನನ್ನು ಪಡೆಯುತ್ತದೆ. ಕೊಡುವವನೂ ಪಡೆಯುವವನೂ ಒಂದೇ ಮನೆಯವರು, ಸವೆಯುವುದು ಮಾತ್ರ ಮನೆ. ಉಪ್ಪು ಇಲ್ಲಿ ದಲ್ಲಾಳಿ ಇದ್ದ ಹಾಗೆ. ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವಂತೆ ಮಾಡಿ ವ್ಯಾಪಾರವನ್ನು ಜೋರು ಮಾಡುತ್ತದೆ. ಬಣ್ಣ, ಗ್ರೀಸು ಈ ವ್ಯಾಪಾರಕ್ಕೆ ಬಾಗಿಲು ಹಾಕುತ್ತವೆ. ದೋಸೆ ಕಾವಲಿಗೆ ಎಣ್ಣೆ ಸವರಿ ಇಡುವುದೂ ಇದಕ್ಕೇ.

ಇನ್ನೊಂದು ದಾರಿ, ಕಬ್ಬಿಣದ ಬದಲು ಕರಗಲು ಬೇರೆಯವರನ್ನು ಮುಂದೆ ಬಿಡುವುದು. ಹಡಗಿನ ತಳಕ್ಕೆ ಸತುವಿನ ತುಂಡು ಕಟ್ಟಿದರೆ ಸತುವೇ ಮೊದಲು ಕರಗುತ್ತದೆ. ಈ ಯೋಚನೆ 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಗೆ ಹೊಳೆದದ್ದು, ಬ್ರಿಟಿಷ್ ಹಡಗುಗಳ ತಾಮ್ರದ ಹೊದಿಕೆ ಉಳಿಸಲು. ತಾಮ್ರವೇನೋ ಉಳಿಯಿತು. ಆದರೆ ಅಲ್ಲಿಯವರೆಗೆ ಕರಗುತ್ತಿದ್ದ ತಾಮ್ರವೇ ತಳಕ್ಕೆ ಅಂಟುವ ಸಮುದ್ರದ ಚಿಪ್ಪುಜೀವಿಗಳನ್ನು ಕೊಲ್ಲುತ್ತಿತ್ತು! ಕರಗುವುದು ನಿಂತಾಗ ಅವು ದಂಡಿಯಾಗಿ ಬೆಳೆದು ಹಡಗು ನಿಧಾನವಾಯಿತು. ಬ್ರಿಟಿಷ್ ನೌಕಾಪಡೆ ಆ ಪ್ರಯೋಗವನ್ನೇ ಬಿಟ್ಟಿತು.

ಮತ್ತೆ ಸ್ಯಾನ್ ಡಿಯಾಗೋಗೆ. ಓಡಾಡುತ್ತಿದ್ದ ಹಡಗುಗಳಲ್ಲಿ 'ಯಾರೋ' (Yarrow) ಎಂಬ ಹೆಸರಿನ ಮಾದರಿಯ ಬಾಯ್ಲರ್ ಇದ್ದವು ಬೇಗ ಹದಗೆಟ್ಟವು. 1930ರ ಆಸುಪಾಸಿನಲ್ಲಿ ಅಂಥ ಸುಮಾರು 60 ಹಡಗು ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಕೆಂಪು ಸಾಲಿನಿಂದ ಬೇರೆ ಹಡಗುಗಳನ್ನು ಎಬ್ಬಿಸಿದರು. ಸುಮ್ನೆ ನಿಂತಿದ್ದವು ಕೆಲಸಕ್ಕೆ ಬಂದವು, ಅವನ್ನು ಸುಮ್ನೆ ಬಿಟ್ಟಿರಲಿಲ್ಲವಲ್ಲ!

ಸೆಪ್ಟೆಂಬರ್ 1940ರಲ್ಲಿ ಇಂಥ 50 ಹಳೆಯ ಡಿಸ್ಟ್ರಾಯರ್‌ಗಳು ಬ್ರಿಟನ್ನಿನ ಪಾಲಾದವು. ಬದಲಿಗೆ ಅಮೆರಿಕಕ್ಕೆ ಸೇನಾ ನೆಲೆಗಳಿಗೆಂದು 99 ವರ್ಷದ ಗುತ್ತಿಗೆಯಲ್ಲಿ ಜಾಗ ಸಿಕ್ಕಿತು. ಆ ಹಡಗುಗಳಲ್ಲೊಂದು, 'ಕ್ಯಾಂಪ್‌ಬೆಲ್‌ಟೌನ್', 1942ರಲ್ಲಿ ಜರ್ಮನ್ನರ ಕೈಯಲ್ಲಿದ್ದ ಫ್ರಾನ್ಸಿನ ಸೇಂಟ್ ನಜೇರ್‌ನ ದೊಡ್ಡ ಹಡಗುಕಟ್ಟೆಯ ಬಾಗಿಲಿಗೇ ನುಗ್ಗಿ ಸಿಡಿಯಿತು.

ನನಗೆ ಇಷ್ಟವಾದದ್ದು ಇಂಥದೇ ಇನ್ನೊಂದು ಡಿಸ್ಟ್ರಾಯರ್ 'ವಾರ್ಡ್' ಕಥೆ. 1918ರಲ್ಲಿ ಅಡಿಪಟ್ಟಿ ಇಟ್ಟ ಹದಿನೇಳೂವರೆ ದಿನಕ್ಕೇ ಅದನ್ನು ನೀರಿಗಿಳಿಸಿದ್ದರು. 1921ರಲ್ಲಿ ಮಲಗಿಸಿ, 1941ರ ಜನವರಿಯಲ್ಲಿ ಎಬ್ಬಿಸಿದರು. ಡಿಸೆಂಬರ್ 7ರ ಬೆಳಗ್ಗೆ, ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ವಿಮಾನಗಳು ಬರುವ ಒಂದು ಗಂಟೆಗೂ ಮುಂಚೆ, ಬಂದರಿನ ಬಾಯಲ್ಲಿ ಜಪಾನಿನ ಪುಟ್ಟ ಜಲಾಂತರ್ಗಾಮಿಯೊಂದನ್ನು ಅದು ಹೊಡೆದು ಮುಳುಗಿಸಿತು. ಆ ಜಲಾಂತರ್ಗಾಮಿ 2002ರಲ್ಲಿ ಸುಮಾರು 400 ಮೀಟರ್ ಆಳದಲ್ಲಿ ಸಿಕ್ಕಿತು. ವಾರ್ಡ್ ಹೊಡೆದ ಗುಂಡಿನ ತೂತು ಅದರ ಮೇಲೆ ಹಾಗೇ ಇತ್ತು.