ಮುತ್ಯಾನ ತೊಡೆಗೂ ಕೆಲಸ ಬೇಕು

ಕಲಬುರಗಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರುವ ಹಿರಿಯರಿಗೆ ಮೊದಲು ಕುರ್ಚಿ ತೋರಿಸುತ್ತೇನೆ. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು. 15 ಸೆಕೆಂಡ್ ದಾಟಿದರೆ ಕಾಲಿನ ಬಲ ಕುಗ್ಗಿದೆ ಅಂತ ಅನುಮಾನ. 70 ದಾಟಿದ ಮುತ್ಯಾ ಒಬ್ಬರು ಎರಡನೇ ಸಲಕ್ಕೇ ಕೈ ಊರಿದರು. "ದಿನಾ ಅಪ್ಪನ ಕೆರಿ ಕಡೆ ಅಡ್ಡಾಡ್ತೀನ್ರಿ. ಆದ್ರೂ ನೆಲದ ಮ್ಯಾಲಿಂದ ಏಳ್ಲಕ್ಕ ಬರಲ್ಲಾಗ್ಯದ" ಅಂದರು.

ವಾಕಿಂಗ್ ಹೃದಯಕ್ಕೆ, ಶುಗರ್‌ಗೆ ಒಳ್ಳೆಯದು, ಬಿಡಬೇಡಿ. ಆದರೆ ಸಪಾಟು ನೆಲದಲ್ಲಿ ನಿಧಾನಕ್ಕೆ ನಡೆದರೆ ತೊಡೆಗೆ ಅಷ್ಟಾಗಿ ಭಾರ ಬೀಳುವುದಿಲ್ಲ. ವಯಸ್ಸಾದಂತೆ ಸ್ನಾಯುವಿನಲ್ಲಿ ಜಾಸ್ತಿ ಸಣ್ಣಗಾಗುವುದು ಚುರುಕಿನ ಎಳೆಗಳು. ಬಚ್ಚಲಲ್ಲಿ ಕಾಲು ಜಾರಿದಾಗ ಥಟ್ಟನೆ ತಡೆದು ನಿಲ್ಲಿಸುವುದೂ ಅವೇ. ಭಾರ ಹೊರಿಸದೆ ಅವು ಏಳುವುದಿಲ್ಲ.

"ಈ ವಯಸ್ಸಿಗೆ ಕಸರತ್ತು ಯಾಕ್ರಿ?" ಅಂತ ಮಕ್ಕಳೇ ಕೇಳುತ್ತಾರೆ. 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ವೃದ್ಧಾಶ್ರಮದ 10 ಮಂದಿಗೆ ಎಂಟು ವಾರ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90! ಪೂರ್ತಿ ಮಾಡಿದವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ತೊಡೆಯ ಸ್ನಾಯು ದಪ್ಪವಾದದ್ದು ಮಾತ್ರ ಸುಮಾರು ಶೇ 9. ಉಳಿದ ಬಲ ಎಲ್ಲಿಂದ ಬಂತು? ಬಹುಪಾಲು ನರಗಳಿಂದ. ಇರುವ ಸ್ನಾಯುವನ್ನೇ ಸರಿಯಾಗಿ ದುಡಿಸುವುದನ್ನು ಅವು ಮತ್ತೆ ಕಲಿಯುತ್ತವೆ.

ಮುತ್ಯಾಗೆ ಕೊಟ್ಟದ್ದು ಸಾದಾ ಕೆಲಸ. ಗೋಡೆಗೆ ಒತ್ತಿಟ್ಟ ಕುರ್ಚಿ, ಮೇಲೊಂದು ದಿಂಬು. ದಿನ ಬಿಟ್ಟು ದಿನ, ಎಂಟು ಹತ್ತು ಸಲ ಏಳುವುದು, ಎರಡು ಸುತ್ತು. ಕೂರುವಾಗ ದೊಪ್ಪನೆ ಬೀಳದೆ ಮೆಲ್ಲಗೆ ಇಳಿಯಬೇಕು. ಉಸಿರು ಕಟ್ಟಬಾರದು. ಸಲೀಸಾದ ಮೇಲೆ ದಿಂಬು ತೆಗೆ, ಆಮೇಲೆ ಎದೆಗೆ ಎರಡು ಕಿಲೋ ತೊಗರಿಬೇಳೆ ಚೀಲ. ಎದೆ ನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು. ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟುತ್ತದೆ, ವಾಕಿಂಗ್ ತಪ್ಪುತ್ತದೆ. ಇದಕ್ಕೆ ಆ ನೆಪ ಇಲ್ಲ.

ಊಟದಲ್ಲೂ ಒಂದು ತಕರಾರಿದೆ. ಹಿರಿಯರಿಗೆ ಕಿಲೋ ತೂಕಕ್ಕೆ ದಿನಕ್ಕೆ ಒಂದು ಗ್ರಾಮ್‌ಗಿಂತ ಕಡಿಮೆ ಇಲ್ಲದಂತೆ ಪ್ರೋಟೀನ್ ಬೇಕು. ತೊಗರಿಯ ನಾಡಿನಲ್ಲೇ ಜೋಳದ ರೊಟ್ಟಿಗೆ ನೀರಿನಂಥ ಬೇಳೆ ಬಡಿಸಿದರೆ ಹೇಗೆ? ಗಟ್ಟಿ ಬೇಳೆ, ಮೊಸರು, ತಿನ್ನುವವರಿಗೆ ತತ್ತಿ ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಎರಡು ತಿಂಗಳಿಗೆ ಮುತ್ಯಾ ಕೈ ಊರದೆ ಐದು ಸಲ ಎದ್ದರು. ನನಗೆ ಖುಷಿ, ಅವರಿಗೆ ಸಮಾಧಾನವಿಲ್ಲ. "ಪಂಕ್ತಿ ಊಟಕ್ಕ ಕುರ್ಚಿ ಹಾಕ್ತಾರೇನ್ರಿ?" ಅಂತ ಕೇಳಿದರು. ಈಗ ಗಿಡ್ಡ ಸ್ಟೂಲ್ ಮೇಲೆ ಶುರು ಮಾಡಿದ್ದೇವೆ.