ಟಿಬಿ ಅಂದುಕೊಂಡ ಕೆಮ್ಮು, ಹುಟ್ಟಿನಿಂದಲೇ ಇದ್ದ ಕಾರಣ

ಬೆಂಗಳೂರಲ್ಲಿ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಮೊದಲ ಅನುಮಾನ ಟಿಬಿ ಮೇಲೆ. ಅದು ಸರಿಯೇ. ತೊಂದರೆ ಶುರುವಾಗುವುದು ಆ ಅನುಮಾನ ಅಲ್ಲೇ ನಿಂತುಬಿಟ್ಟಾಗ.

ಹೀಗೆ ಟಿಬಿ ಅಂತ ತಪ್ಪು ತಿಳಿಯುವಂಥದ್ದರಲ್ಲಿ ಒಂದು ಪಲ್ಮನರಿ ಸೀಕ್ವೆಸ್ಟ್ರೇಶನ್, ಅಪರೂಪದ ಹುಟ್ಟು ದೋಷ. ಶ್ವಾಸಕೋಶದ ಒಂದು ತುಂಡು, ಹೆಚ್ಚಾಗಿ ಎಡಗಡೆಯ ಕೆಳಭಾಗದ್ದು, ಗಾಳಿಯ ಕೊಳವೆಗೆ ಸರಿಯಾಗಿ ಸೇರಿಕೊಂಡಿರುವುದಿಲ್ಲ. ಅದಕ್ಕೆ ರಕ್ತ ಬರುವುದು ಸಾಮಾನ್ಯವಾಗಿ ನೇರವಾಗಿ ಮಹಾಪಧಮನಿಯಿಂದ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದಿಂದ. ಬೀದಿ ಪೈಪು ಬಿಟ್ಟು ಕಾವೇರಿ ಮೇನ್ ಲೈನಿಂದಲೇ ಮನೆಗೆ ಕನೆಕ್ಷನ್ ಎಳೆದ ಹಾಗೆ, ಒತ್ತಡ ಜಾಸ್ತಿ. ದೊಡ್ಡವರಾದ ಮೇಲೆ ಸಿಗುವುದು ಬಹುತೇಕ ಶ್ವಾಸಕೋಶದ ಒಳಗೇ ಅಡಗಿರುವ ಬಗೆ.

1946ರಲ್ಲಿ ಪ್ರೈಸ್ ಎಂಬ ವೈದ್ಯರು ಇದಕ್ಕೆ ಈ ಹೆಸರಿಟ್ಟರು. ರಕ್ತನಾಳಗಳನ್ನು ತೋರಿಸುವ ಆಂಜಿಯೋಗ್ರಾಮ್ ಅದಕ್ಕೂ ಮೊದಲೇ ಇತ್ತು, 1971ರಲ್ಲಿ ಸಿಟಿ ಸ್ಕ್ಯಾನ್ ಬಂತು.

ನಮ್ಮ ಊರಿನ ಕಥೆ ಬೇರೆ ದಾರಿಯಲ್ಲಿ ಸಾಗಿತು. 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು ಬೆಂಗಳೂರಲ್ಲೇ. ಕೆಮ್ಮು ಇರುವವರು ಬಹಳಷ್ಟು ಜನ ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆ, ಅವರ ಕಫ ನೋಡಿದರೆ ಸಾಕು ಎಂಬ ಲೆಕ್ಕಾಚಾರ ಅಲ್ಲಿನ ಅಧ್ಯಯನಗಳಿಂದ ಗಟ್ಟಿಯಾಯಿತು. ಬಡ ದೇಶಕ್ಕೆ ಅದು ಜಾಣ ದಾರಿ. ಸಿಕ್ಕಿಹಾಕಿಕೊಂಡವರು ಕಫದಲ್ಲಿ ಏನೂ ಸಿಗದೆ, ಎಕ್ಸ್‌ರೇಯಲ್ಲಿ ಮಾತ್ರ ನೆರಳು ಕಂಡವರು. 'ಯಾವುದಕ್ಕೂ ಇರಲಿ' ಅಂತ ಆರು ತಿಂಗಳ ಟಿಬಿ ಮಾತ್ರೆ. ಅದರಲ್ಲಿರುವ ರಿಫಾಂಪಿಸಿನ್ ಬೇರೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಹಾಗಾಗಿ ಜ್ವರ ಇಳಿಯುತ್ತದೆ, ಕಫ ಕಡಿಮೆಯಾಗುತ್ತದೆ, ಟಿಬಿಯೇ ಅಂತ ಎಲ್ಲರಿಗೂ ಖಾತ್ರಿಯಾಗುತ್ತದೆ! ಸ್ವಲ್ಪ ಕಾಲ ಕಳೆದು ಅದೇ ಜಾಗದಲ್ಲಿ ಮತ್ತೆ ನ್ಯುಮೋನಿಯಾ ಬಂದರೆ 'ಟಿಬಿ ಮರುಕಳಿಸಿದೆ' ಅನ್ನಿಸುವುದು ಸಹಜ.

ದೊಡ್ಡವರಲ್ಲಿ ಟಿಬಿ ಸಾಮಾನ್ಯವಾಗಿ ಹಿಡಿಯುವುದು ಮೇಲ್ಭಾಗವನ್ನು. ಪ್ರತಿ ಸಲ ಕೆಳಗಿನ ಅದೇ ಮೂಲೆ ಅಂದರೆ ಹಳೇ ಎಕ್ಸ್‌ರೇಗಳನ್ನೆಲ್ಲ ಸಾಲಾಗಿ ಇಟ್ಟು ನೋಡಬೇಕು, ಅಲ್ವಾ? ಆದರೆ ಆಸ್ಪತ್ರೆ ಬದಲಾದ ಹಾಗೆ ಫಿಲ್ಮ್‌ಗಳೂ ಕಳೆದುಹೋಗುತ್ತವೆ.

ಈಗ ಬಡಾವಣೆಗೊಂದು ಸ್ಕ್ಯಾನ್ ಸೆಂಟರ್ ಇದೆ. ಚೀಟಿಯಲ್ಲಿ 'ಎಚ್‌ಆರ್‌ಸಿಟಿ' (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್) ಅಂತಷ್ಟೇ ಇದ್ದರೆ ಕಾಂಟ್ರಾಸ್ಟ್, ಅಂದರೆ ರಕ್ತನಾಳ ಎದ್ದು ಕಾಣಿಸುವ ದ್ರವ, ಹಾಕದೆಯೇ ತೆಗೆಯುತ್ತಾರೆ. ನೆರಳು ಕಾಣುತ್ತದೆ, ಅದಕ್ಕೆ ಬರುವ ರಕ್ತನಾಳ ಸುಲಭವಾಗಿ ಕಣ್ತಪ್ಪುತ್ತದೆ. ಕಿಡ್ನಿ ಸರಿಯಿದೆಯೇ ಎಂದು ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡಿ, ಕಾಂಟ್ರಾಸ್ಟ್ ಕೊಟ್ಟು ಸಿಟಿ ಆಂಜಿಯೋ ಮಾಡಿದರೆ ಮಹಾಪಧಮನಿಯಿಂದ ಕವಲೊಡೆದ ನಾಳ ಎದ್ದು ಕಾಣುತ್ತದೆ. ಅದು ಗೊತ್ತಿಲ್ಲದೆ ಸೂಜಿ ಚುಚ್ಚಿ ಬಯಾಪ್ಸಿಗೆ ಹೋದರೆ ರಕ್ತಸ್ರಾವದ ಅಪಾಯ ಇದೆ.

ಪದೇ ಪದೇ ಸೋಂಕಾದರೆ, ರಕ್ತ ಬಿದ್ದರೆ ಆ ಭಾಗವನ್ನು ತೆಗೆಯುವುದೇ ರೂಢಿ, ಕೆಲವರಿಗೆ ಕಾಯಿಲ್ (ಸುರುಳಿಯಾಕಾರದ ಸಣ್ಣ ತಂತಿ) ಹಾಕಿ ನಾಳ ಮುಚ್ಚುತ್ತಾರೆ. ಯಾವ ತೊಂದರೆಯೂ ಇಲ್ಲದೆ, ಬೇರೆ ಏನಕ್ಕೋ ಮಾಡಿಸಿದ ಸ್ಕ್ಯಾನ್‌ನಲ್ಲಿ ಸುಮ್ನೆ ಸಿಕ್ಕಿಬಿದ್ದವರಿಗೂ ಕತ್ತರಿ ಹಾಕಬೇಕೇ ಎಂಬ ಬಗ್ಗೆ ಸರ್ಜನ್‌ಗಳಲ್ಲಿ ಇನ್ನೂ ಒಮ್ಮತ ಇಲ್ಲ.